ಮಾರ್ಚ್ ಒಂದು, ತೊಂಬತ್ತಮೂರು

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ, ಒಂದು ಕಾಲಕ್ಕೆ
ಮೀನನ್ನು ಹೊಗೆಗಿಡುತ್ತಿದ್ದ ಉದ್ದನೆಯ ಶೆಡ್ಡು.
ಗೋಡೆಯ ಇಟ್ಟಿಗೆ ಇನ್ನೂ ಕಪ್ಪು; ಹೀಟರು ಹಚ್ಚಿದರೆ
ಹ್ಯಾಡಕ್ ವಾಸನೆ ಬಿಡುತ್ತದೆ.
ಅಲ್ಲಿ ನಾವಿಬ್ಬರು, ನಾನು ಮತ್ತು ಡೊರೀನ್ ಪ್ಲಾಸ್ಕಿಟ್,
ಹಳೆಯ ರೌಟರುಗಳ ನೆನಪು ಅಳಿಸುತ್ತೇವೆ,
ಪೆಟ್ಟಿಗೆಗೆ ಎರಡು ಪೌಂಡು ನಲವತ್ತು.

ಮೊದಲ ವಾರ ಕೇಳಿದ್ದಳು:
ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ?
ನೆನಪು, ಅಂದೆ.
ಈ ಉದ್ದ ಪಟ್ಟಿಗೆ? ನೆನಪು.
ಮೂಲೆಯ ಈ ಕಪ್ಪು ಜೇಡಕ್ಕೆ? ಅದೂ ನೆನಪೇ.
ಅಯ್ಯೋ, ಕಾಡ್, ಹ್ಯಾಡಕ್, ಪ್ಲೇಸ್
ಎಲ್ಲವನ್ನೂ ಬರೀ ಮೀನು ಅಂದ ಹಾಗಾಯಿತಲ್ಲ!

ಮಾತು ಚುಚ್ಚಿತು. ಸಂಜೆ ಬಸ್ಸಿನಲ್ಲಿ ಕೂತು ಹುಡುಕಿದೆ.
ಎರಡು ಕ್ಲಿಪ್ಪುಗಳ ನಡುವೆ ಓರೆಯಾಗಿ ನಿಂತು
ಕರೆಂಟು ಹೋದೊಡನೆ ಎಲ್ಲ ಮರೆಯುವುದು
ಸ್ಲೇಟು. ಉಗುಳು ಹಚ್ಚಿ ಒರೆಸಿದ ಸ್ಲೇಟು.
ಕಾರ್ಖಾನೆಯಲ್ಲೇ ಕೆತ್ತಿ ಕಳಿಸಿದ್ದು,
ಏಳು, ಕೈಕಾಲು ಎಣಿಸಿಕೋ,
ಅನ್ನುವಷ್ಟೇ ಬಲ್ಲದ್ದು, ಶಾಸನ.
ಫ್ಲ್ಯಾಶಿಗೆ ಪದ ಸಿಗಲಿಲ್ಲ.
ಕಣಜ ಅಂದು ನೋಡಿದೆ, ಒಗ್ಗಲಿಲ್ಲ, ಬಿಟ್ಟೆ.
ಆದರೆ ಬರೀ ಮೂವತ್ತೆರಡು ಕೆ,
ಗುಬ್ಬಿಯ ಗುಂಡಿಗೆಯಷ್ಟು ಬ್ಯಾಟರಿ
ಒಡಲಲ್ಲಿ ಬಚ್ಚಿಟ್ಟುಕೊಂಡು
ಊರೆಲ್ಲ ಕತ್ತಲಾದರೂ ಹಿಡಿದದ್ದು ಬಿಡದ ಚಿಪ್ಪು,
ಅದು ಸೆರಗಿನ ಗಂಟು:
ಸಾಲಕ್ಕೊಂದು, ಸೂಜಿಗೊಂದು.
ಮರುದಿನ ಹೇಳಿದೆ. ಸೆರಗು ಅಂದರೆ? ಅಂದಳು.
ಅವಳ ಏಪ್ರನ್ನಿನ ಮೂಲೆ ಹಿಡಿದು
ಗಂಟು ಹಾಕಿ ತೋರಿಸಿದೆ.

ಇವತ್ತು ಬಂದದ್ದು ಮೀನು ಹರಾಜಿನ ಕಚೇರಿಯದು.
ಉಪ್ಪಿಗೆ ತುಕ್ಕು ಹಿಡಿದ ಮುಚ್ಚಳ,
ಫ್ಯಾನಿನ ರೆಕ್ಕೆಗೆ ಒಣಗಿ ಅಂಟಿದ ಒಂದು ಹುರುಪೆ.
ಪಾಸ್‌ವರ್ಡು ಬಲ್ಲವರು ಯಾರೂ ಉಳಿದಿಲ್ಲ.
ಅದಕ್ಕೂ ಉಪಾಯ ಉಂಟು: ಏಳುವ ಮೊದಲ ನಿಮಿಷದಲ್ಲೇ
ಬ್ರೇಕ್ ಒತ್ತಿ ತಡೆದು
ಎರಡು ಒಂದು ನಾಲ್ಕು ಎರಡು ಅನ್ನಬೇಕು.
ಅಂದರೆ, ಏಳು, ಆದರೆ ನೆನಪು ಓದಬೇಡ.

ಎದ್ದಿತು. ಹೆಸರೇನಿಡುತ್ತೀರಿ ಅಂತು.
ಗಡಿಯಾರ ತೋರಿಸು ಅಂದರೆ, ಇವೆಲ್ಲದರ ಹಾಗೆ,
ಸೋಮವಾರ, ಮಾರ್ಚ್ ಒಂದು, ೧೯೯೩.
ಮುಂದೊಂದು ಸಣ್ಣ ನಕ್ಷತ್ರ:
ನನ್ನ ಗಂಟೆ ನಂಬಬೇಡಿ ಅನ್ನುವ ಗುರುತು.

ಆ ಸೋಮವಾರ, ಅಂದಳು ಡೊರೀನ್ ಚಹಾ ಬಸಿಯುತ್ತ,
ನಾನು ಇದೇ ಕಟ್ಟೆಯಲ್ಲಿ
ಹತ್ತೊಂಬತ್ತರ ಹುಡುಗಿ, ಮೀನು ಸೀಳುವ ಸಾಲಿನಲ್ಲಿ ಏಳನೆಯವಳು.
ಆಮೇಲೆ ತಡೆದು: ಏಳೋ, ಎಂಟೋ.
ನನಗೂ ಒಂದು ನಕ್ಷತ್ರ ಹಾಕು.

ಈಗ ಮೆಲ್ಲಗೆ ಗಂಟು ಬಿಚ್ಚಿದೆವು.
ಪರದೆಯ ಮೇಲೆ ಸಾಲು ಸಾಲು ಇಳಿಯಿತು:
ಒಂದನೆಯ ತಂತಿ ಐಸ್ ಫ್ಯಾಕ್ಟರಿಗೆ,
ಎರಡನೆಯದು ತಕ್ಕಡಿ ಕೋಣೆಗೆ,
ಮೂರನೆಯದರ ಮುಂದೆ ಯಾರೋ ಬರೆದಿದ್ದರು:
ಸತ್ತಿದೆ ಅಂತ ಕೀಳಬೇಡಿ. ನಾರ್ಮ್‌ನನ್ನು ಕೇಳಿ.

ಡೊರೀನ್ ಚಹಾ ಚೆಲ್ಲಿಕೊಂಡು ನಕ್ಕಳು.
ನಾರ್ಮ್ ಬ್ರಾಕಲ್‌ಸ್ಬಿ! ಕೆಟಲಿಗೂ ಅಂಟಿಸುತ್ತಿದ್ದ,
ನನ್ನನ್ನು ಕೇಳಿ ಅಂತ.
ಕೇಳಿದರೆ ನನಗೇನು ಗೊತ್ತು ಅನ್ನುತ್ತಿದ್ದ.
ಮೂರನೆಯ ತಂತಿ ಎಲ್ಲಿಗೆ ಹೋಗುತ್ತಿತ್ತು?
ಅವಳಿಗೆ ಗೊತ್ತಿಲ್ಲ. ಪೆಟ್ಟಿಗೆಗೂ ಇಷ್ಟೇ ಗೊತ್ತು.

ಕರಾರಿದೆ, ಅಳಿಸಬೇಕು.
ಅಳಿಸು ಅಂದೆ. ಖಂಡಿತವೇ? ಅಂತು.
ತಡಿ, ಅಂದು ಅವಳು
ಬಿಸ್ಕತ್ತಿನ ಪೊಟ್ಟಣ ಹರಿದು
ಆ ಒಂದು ಸಾಲು ಬರೆದು ಕೆಟಲಿಗೆ ಅಂಟಿಸಿದಳು.
ಆಮೇಲೆ ಒತ್ತಿದೆ.

ಮತ್ತೊಮ್ಮೆ ಎಬ್ಬಿಸಿ ನೋಡಬೇಕು, ನಿಯಮ ಅದು.
ಎಬ್ಬಿಸಿದೆವು. ಅದೇ ಸೋಮವಾರ.
ಪ್ರಮಾಣಪತ್ರಕ್ಕೆ ಸೀಲು ಬಿತ್ತು.

ಮುಂದಿನ ಪೆಟ್ಟಿಗೆಯ ಸ್ಕ್ರೂ ಜಗ್ಗುತ್ತಿಲ್ಲ,
ಡೊರೀನ್ ಬಾಗಿ ಸುತ್ತಿಗೆ ಹುಡುಕುತ್ತಿದ್ದಾಳೆ.
ಏಪ್ರನ್ನಿನ ಮೂಲೆಯಲ್ಲಿ ಅಂದು ನಾನು ಹಾಕಿದ ಗಂಟು
ಎಷ್ಟು ಸಲ ಒಗೆದರೂ ಹಾಗೇ ಇದೆ:
ಸಾಲವನ್ನಲ್ಲ, ಸೂಜಿಯನ್ನಲ್ಲ,
ಗಂಟು ಹೇಗಿರುತ್ತದೆ ಅನ್ನುವುದನ್ನಷ್ಟೇ
ನೆನಪಿಟ್ಟುಕೊಂಡು.